ಗಾಯಗೊಂಡ ಆಟಗಾರನ ಬೆಲೆ ಎಷ್ಟು?

ಕೆಲವು ಪ್ರಶ್ನೆಗಳು ಮೇಲ್ನೋಟಕ್ಕೆ ಆಟದ ಪುಟಕ್ಕೆ ಸೇರಿದಂತೆ ಕಾಣುತ್ತವೆ. ತುಸು ಕೆದಕಿ ನೋಡಿದರೆ ಅವು ನಮ್ಮ ಮನಸ್ಸಾಕ್ಷಿಯ ಬಾಗಿಲನ್ನೇ ತಟ್ಟುತ್ತವೆ. ಅಂಥದೊಂದು ಪ್ರಶ್ನೆ ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳ ನಡುವೆ ಮತ್ತೆ ಮತ್ತೆ ಏಳುತ್ತಿರುತ್ತದೆ. ತಂಡದ ಮುಖ್ಯ ಆಟಗಾರ ಪದೇ ಪದೇ ಗಾಯಗೊಳ್ಳುತ್ತಿದ್ದಾನೆ. ಅವನ ಕರಾರು ಮುಗಿಯುತ್ತಾ ಬಂದಿದೆ. ಅವನನ್ನು ಮತ್ತೆ ಉಳಿಸಿಕೊಳ್ಳಬೇಕೇ ಅಥವಾ ಕೈಬಿಡಬೇಕೇ?

ಇದು ನಾವು ಶಾಲೆಯ ಮೈದಾನದಲ್ಲಿ ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಅಮೆರಿಕನ್ನರ ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಮಂದಿ. ಅವರಲ್ಲಿ ಆಟವನ್ನು ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಅವನು ಚೆಂಡು ಹಿಡಿದು ನಿಂತು, ದೂರದಲ್ಲಿ ಓಡುತ್ತಿರುವ ಜೊತೆಗಾರನನ್ನು ಕಣ್ಣಿನಲ್ಲೇ ಹುಡುಕುತ್ತಾನೆ. ಅದೇ ಹೊತ್ತಿನಲ್ಲಿ 120 ಕಿಲೋಗೂ ಮಿಕ್ಕಿ ತೂಗುವ ಎದುರಾಳಿಗಳು ಅವನ ಮೇಲೆ ಎರಗಲು ನುಗ್ಗಿ ಬರುತ್ತಿರುತ್ತಾರೆ. ಅವರ ಕಡೆ ನೋಡುತ್ತಾ ನಿಂತರೆ ಅವನ ಕೆಲಸ ಕೆಡುತ್ತದೆ. ನೋಡದಿದ್ದರೆ ಮೈ ಕೆಡುತ್ತದೆ. ಗಾಯ ಎಂಬುದು ಆ ಕೆಲಸದೊಳಗೇ ಇದೆ.

ಎರಡು ಸುಲಭ ಉತ್ತರಗಳು

ಈ ಪ್ರಶ್ನೆಗೆ ಎರಡು ಉತ್ತರಗಳು ಸುಲಭವಾಗಿ ಸಿಗುತ್ತವೆ. ಹೃದಯವಂತರು, "ತಂಡಕ್ಕಾಗಿ ಮೈ ಮುರಿದುಕೊಂಡವನನ್ನು ಕೈಬಿಡುವುದು ಕೃತಘ್ನತೆ" ಎನ್ನುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರ ಸಾಲಿಗೆ ಸೇರಲು ಯಾರಿಗೆ ತಾನೇ ಇಷ್ಟ? ಇತ್ತ ಲೆಕ್ಕ ಬಲ್ಲವರು, "ಇದು ವ್ಯವಹಾರ. ಆಡಲಾಗದವನಿಗೆ ಸಂಬಳ ಕೊಡುವುದು ದಡ್ಡತನ" ಎನ್ನುತ್ತಾರೆ. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಎರಡೂ ಪೂರ್ಣ ಸತ್ಯವಲ್ಲ ಎಂಬುದನ್ನು ನಾವು ಮನಗಾಣಬೇಕು.

ಒಂದು ನಿಜವಾದ ಪ್ರಸಂಗವನ್ನು ನೋಡೋಣ. ಪೇಟನ್ ಮ್ಯಾನಿಂಗ್ 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು ಸೇರಿದರು. ಮುಂದಿನ 13 ವರ್ಷ ಲೀಗಿನ ಒಂದೇ ಒಂದು ಪಂದ್ಯವನ್ನೂ ಅವರು ತಪ್ಪಿಸಲಿಲ್ಲ. ಸಾಲಾಗಿ 208 ಪಂದ್ಯಗಳು! 2007ರ ಫೆಬ್ರವರಿಯಲ್ಲಿ ತಂಡಕ್ಕೆ ಸೂಪರ್ ಬೌಲ್ ಪ್ರಶಸ್ತಿ ತಂದುಕೊಟ್ಟರು. ಆ ಮೇಲೆ ಕುತ್ತಿಗೆ ಕೈಕೊಟ್ಟಿತು. 2011ರ ಬೇಸಿಗೆಯಲ್ಲಿ ತಂಡ ಅವರೊಡನೆ 5 ವರ್ಷಕ್ಕೆ 9 ಕೋಟಿ ಡಾಲರಿನ ಹೊಸ ಕರಾರು ಮಾಡಿಕೊಂಡಿತ್ತು. ಆದರೆ ಅದೇ ಸೆಪ್ಟೆಂಬರಿನಲ್ಲಿ ಕುತ್ತಿಗೆಯ ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾಗಿ, ಆ ಇಡೀ ವರ್ಷ ಅವರು ಮೈದಾನಕ್ಕೆ ಇಳಿಯಲಿಲ್ಲ. ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 2. ಮುಂದಿನ ಮಾರ್ಚಿನಲ್ಲಿ ಅವರನ್ನು ಉಳಿಸಿಕೊಳ್ಳಬೇಕಾದರೆ ಮತ್ತೆ 2.8 ಕೋಟಿ ಡಾಲರ್ ಕೊಡಬೇಕಿತ್ತು. 2012ರ ಮಾರ್ಚ್ 7ರಂದು ತಂಡದ ಒಡೆಯ ಜಿಮ್ ಅರ್ಸೇ ಮತ್ತು ಮ್ಯಾನಿಂಗ್ ಒಂದೇ ವೇದಿಕೆಯಲ್ಲಿ ನಿಂತು, ಕಣ್ಣೀರಿನ ನಡುವೆ ಬೇರ್ಪಡುವಿಕೆಯನ್ನು ಪ್ರಕಟಿಸಿದರು.

ಕೋಲ್ಟ್ಸ್ ಮಾಡಿದ್ದು ತಪ್ಪೇ? ಆತುರಪಡಬೇಡಿ. ಆ ಲೀಗಿನಲ್ಲಿ ಒಂದು ತಂಡ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. 2024ರಲ್ಲಿ ಅದು 25.54 ಕೋಟಿ ಡಾಲರ್ ಆಗಿತ್ತು. ಅಷ್ಟರಲ್ಲಿ 53 ಮಂದಿಯ ತಂಡ ನಡೆಯಬೇಕು. ಆದ್ದರಿಂದ ಒಬ್ಬನ ತಟ್ಟೆಗೆ ಹೆಚ್ಚು ಬಡಿಸಿದರೆ ಇನ್ನೊಬ್ಬನ ತಟ್ಟೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಾ ಅವನ ಮುಂದೆ ನಿಲ್ಲುವ, ಹೆಸರು ಯಾರಿಗೂ ಗೊತ್ತಿಲ್ಲದ ಆಟಗಾರರೂ ಗಾಯಗೊಳ್ಳುತ್ತಾರೆ. ಅವರಿಗೂ ಮಡದಿ ಮಕ್ಕಳಿದ್ದಾರೆ. ಒಬ್ಬನಿಗೆ ತೋರುವ ಕೃತಜ್ಞತೆಯ ಬಿಲ್ಲನ್ನು ಉಳಿದವರ ಹೆಗಲಿಗೆ ಹಾಕುವುದು ಔದಾರ್ಯವಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುವ ಮಾತು ಇಲ್ಲಿ ಜಿಪುಣತನವಾಗದೆ ನ್ಯಾಯವಾಗುತ್ತದೆ.

ಮ್ಯಾನಿಂಗ್ ಮುಂದೇನಾದರು? ಅದೇ ಮಾರ್ಚಿನಲ್ಲಿ ಡೆನ್ವರ್ ಬ್ರಾಂಕೋಸ್ ತಂಡ ಅವರನ್ನು 5 ವರ್ಷಕ್ಕೆ 9.6 ಕೋಟಿ ಡಾಲರಿನ ಕರಾರಿನಲ್ಲಿ ಸೇರಿಸಿಕೊಂಡಿತು. 2013ರ ಋತುವಿನಲ್ಲಿ ಅವರ ಎಸೆತಗಳಿಂದ 55 ಟಚ್‌ಡೌನ್‌ಗಳು ಬಂದವು. ಅದು ಲೀಗಿನ ದಾಖಲೆ. 2016ರ ಫೆಬ್ರವರಿಯಲ್ಲಿ ಅವರು ಮತ್ತೊಮ್ಮೆ ಸೂಪರ್ ಬೌಲ್ ಗೆದ್ದು, ಮಾರ್ಚಿನಲ್ಲಿ ನಿವೃತ್ತರಾದರು. ಇತ್ತ ಕೋಲ್ಟ್ಸ್ ತಂಡವೂ ಯುವಕ ಆಂಡ್ರ್ಯೂ ಲಕ್ ಅವರ ನೇತೃತ್ವದಲ್ಲಿ 2012ರಿಂದ 2014ರವರೆಗೆ ಪ್ರತಿ ವರ್ಷ 11 ಪಂದ್ಯಗಳನ್ನು ಗೆದ್ದಿತು.

ಹಾಗಾದರೆ ಸರಿ ಯಾರದು? ಫಲಿತಾಂಶ ನೋಡಿ ತೀರ್ಪು ಕೊಡುವ ಚಪಲ ನಮಗೆಲ್ಲ ಇದೆ. ಆದರೆ ನಿರ್ಧಾರ ಮಾಡುವ ದಿನ ಯಾರ ಕೈಯಲ್ಲೂ ಮುಂದಿನ ವರ್ಷದ ಪತ್ರಿಕೆ ಇರುವುದಿಲ್ಲ. ಅಂದು ತಿಳಿದಿದ್ದನ್ನು ಪ್ರಾಮಾಣಿಕವಾಗಿ ತೂಗಿದರೇ, ಮುಖ ಕೊಟ್ಟು ಮಾತಾಡಿದರೇ ಎಂಬುದಷ್ಟೇ ನೀತಿಯ ಪ್ರಶ್ನೆ. ಕೋಲ್ಟ್ಸ್ ಹಿತ್ತಲ ಬಾಗಿಲಿನಿಂದ ಅವರನ್ನು ಹೊರಗಟ್ಟಲಿಲ್ಲ. ಎಲ್ಲರೆದುರು ಕೈಹಿಡಿದು ಬೀಳ್ಕೊಟ್ಟಿತು. ಬಿಡುವುದರಲ್ಲೂ ಒಂದು ಮರ್ಯಾದೆಯಿದೆ.

ಎಲ್ಲ ಗಾಯಗಳೂ ಒಂದೇ ಅಲ್ಲ

ಇಲ್ಲಿಯವರೆಗೆ ನಾವು ಹಣವನ್ನೂ ಋಣವನ್ನೂ ತೂಗಿದೆವು. ಆದರೆ ಇನ್ನೂ ಭಾರವಾದ ಮಾತು ಬಾಕಿಯಿದೆ. ಗಾಯ ಎಲ್ಲಿ ಆಗಿದೆ?

ಮಂಡಿ ಮುರಿದವನು ಮಲಗಿಕೊಂಡೇ ತನ್ನ ಭವಿಷ್ಯವನ್ನು ಯೋಚಿಸಬಲ್ಲ. ವೈದ್ಯರ ಮಾತು ಕೇಳಿ, ಮನೆಯವರೊಡನೆ ಚರ್ಚಿಸಿ, "ಈ ಅಪಾಯ ನನಗೆ ಒಪ್ಪಿಗೆ" ಎನ್ನಬಲ್ಲ. ತಲೆಗೆ ಏಟು ಬಿದ್ದರೆ ಏನಾಗುತ್ತದೆ? ಒಪ್ಪಿಗೆ ಕೊಡಬೇಕಾದ ಆ ಬುದ್ಧಿಯೇ ಏಟು ತಿಂದಿರುತ್ತದೆ.

ಮಯಾಮಿ ಡಾಲ್ಫಿನ್ಸ್ ತಂಡದಲ್ಲಿ ಆಡುತ್ತಿದ್ದ ಟುವಾ ಟಾಗೊವೈಲೋವಾ ಅವರನ್ನೇ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್ 25ರಂದು ಅವರ ತಲೆ ನೆಲಕ್ಕೆ ಬಡಿಯಿತು. ಎದ್ದವರು ತೂರಾಡಿದರು. ಪರೀಕ್ಷೆಯ ನಂತರ ಅದೇ ಪಂದ್ಯದಲ್ಲಿ ಮತ್ತೆ ಆಡಿದರು. ನಾಲ್ಕೇ ದಿನಗಳ ಮೇಲೆ, ಇನ್ನೊಂದು ಪಂದ್ಯದಲ್ಲಿ ಬಿದ್ದಾಗ ಅವರ ಕೈಬೆರಳುಗಳು ಸೆಟೆದುಕೊಂಡದ್ದನ್ನು ಲಕ್ಷಾಂತರ ಜನ ದೂರದರ್ಶನದಲ್ಲಿ ಕಂಡರು. ಅವರನ್ನು ಸ್ಟ್ರೆಚರಿನಲ್ಲಿ ಒಯ್ಯಬೇಕಾಯಿತು. ಲೀಗ್ ಮತ್ತು ಆಟಗಾರರ ಸಂಘ ಒಟ್ಟಾಗಿ ವಿಚಾರಣೆ ನಡೆಸಿದವು. ನಿಯಮಗಳನ್ನು ಪಾಲಿಸಲಾಗಿತ್ತು, ಆದರೆ ನಿಯಮ ಮಾಡಿದವರ ಉದ್ದೇಶ ಇದಾಗಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದು, ತೂರಾಡಿದವನು ಆ ದಿನ ಮತ್ತೆ ಆಡಕೂಡದೆಂದು ಅಕ್ಟೋಬರಿನಲ್ಲಿ ನಿಯಮವನ್ನು ತಿದ್ದಿದವು. ಗಮನಿಸಿ: ಕಾಗದದ ಮೇಲಿನ ನಿಯಮ ಪಾಲನೆಯಾದ ಮಾತ್ರಕ್ಕೆ ಒಬ್ಬ ಮನುಷ್ಯನ ರಕ್ಷಣೆ ಆಗಿಬಿಡುವುದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅವರ ತಲೆಗೆ ಮತ್ತೆ ಪೆಟ್ಟಾಯಿತು. 2023ರಲ್ಲಿ ಅವರು 17 ಪಂದ್ಯಗಳನ್ನೂ ಆಡಿ, ಎಸೆತದ ದೂರದಲ್ಲಿ ಇಡೀ ಲೀಗಿಗೆ ಮೊದಲಿಗರಾದರು. 2024ರ ಜುಲೈನಲ್ಲಿ ತಂಡ ಅವರಿಗೆ 4 ವರ್ಷಕ್ಕೆ 21.24 ಕೋಟಿ ಡಾಲರಿನ ಹೊಸ ಕರಾರು ಕೊಟ್ಟಿತು. ಎರಡು ತಿಂಗಳು ತುಂಬುವ ಹೊತ್ತಿಗೆ, ಸೆಪ್ಟೆಂಬರ್ 12ರಂದು, ಮತ್ತೊಮ್ಮೆ ತಲೆಗೆ ಪೆಟ್ಟು. ನಾಲ್ಕು ಪಂದ್ಯಗಳ ನಂತರ ಅವರು ಮೈದಾನಕ್ಕೆ ಮರಳಿದರು.

ಇಂಥ ಪೆಟ್ಟುಗಳ ಕೊನೆ ಏನೆಂಬುದು ಈಗ ಗುಟ್ಟಾಗಿ ಉಳಿದಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ 50ನೆಯ ವಯಸ್ಸಿಗೇ ತೀರಿಕೊಂಡಾಗ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿದರು. ವರ್ಷಗಟ್ಟಲೆ ಬಿದ್ದ ಏಟುಗಳಿಗೆ ಸಂಬಂಧಿಸಿದ ಮಿದುಳಿನ ಕ್ಷಯದ ಗುರುತುಗಳು ಅದರಲ್ಲಿದ್ದವು. ಸಿಟಿಇ ಎಂದು ಕರೆಯುವ ಈ ಕಾಯಿಲೆಯನ್ನು ಖಚಿತವಾಗಿ ಗುರುತಿಸುವುದು ಇಂದಿಗೂ ಮರಣದ ನಂತರವೇ. ಅಂದರೆ ಆಟಗಾರ ಸಹಿ ಹಾಕುವ ದಿನ, ತಾನು ಎಷ್ಟು ತೆರುತ್ತಿದ್ದೇನೆ ಎಂಬುದು ಅವನಿಗೂ ತಿಳಿದಿರುವುದಿಲ್ಲ.

"ಅವನಿಗೇ ಇಷ್ಟವಿದ್ದರೆ ನಮಗೇನು?"

ನಿಮ್ಮಲ್ಲಿ ಕೆಲವರು ಕೇಳಬಹುದು: "ಅವನು ವಯಸ್ಕ. ಅಪಾಯ ಬಲ್ಲವನು. ಬೆಂಕಿ ಆರಿಸುವವನಿಗೂ ಗಣಿಯ ಕಾರ್ಮಿಕನಿಗೂ ಅಪಾಯವಿಲ್ಲವೇ? ಅವನಿಗೆ ಬೇಡವೆನ್ನಲು ನಾವು ಯಾರು?" ಇದು ತಳ್ಳಿಹಾಕುವ ಮಾತಲ್ಲ. ಒಬ್ಬನ ಬದುಕನ್ನು ಇನ್ನೊಬ್ಬ ನಡೆಸಲಾಗದು. ತನಗೆ ಪ್ರಿಯವಾದ ಕೆಲಸವನ್ನು ಬಿಡುವ ನೋವು ಏನೆಂದು ಬಿಟ್ಟವನಿಗೇ ಗೊತ್ತು.

ಆದರೆ ತಂಡ ದಾರಿಹೋಕನಲ್ಲ ಎಂಬುದನ್ನು ಮರೆಯಬಾರದು. "ಆಡಬೇಡ" ಎಂದು ತಡೆಯುವುದು ಬೇರೆ. "ನಿನ್ನ ತಲೆಯನ್ನು ಅಪಾಯಕ್ಕೊಡ್ಡಲು ನಾನು ಹಣ ಕೊಡಲಾರೆ" ಎನ್ನುವುದು ಬೇರೆ. ಮೊದಲನೆಯದು ಅವನ ಸ್ವಾತಂತ್ರ್ಯದ ವಿಷಯ, ಎರಡನೆಯದು ನನ್ನ ಮನಸ್ಸಾಕ್ಷಿಯ ವಿಷಯ. ಮಾರಲು ಒಬ್ಬ ಸಿದ್ಧನಿದ್ದಾನೆ ಎಂದಮಾತ್ರಕ್ಕೆ ಕೊಳ್ಳುವವನ ಹೊಣೆ ಕಳೆಯುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಗಾಯ ಕೈಕಾಲಿನದಾಗಿದ್ದರೆ, ತಂಡದ ಸಂಬಳದ ಹಂಗಿಲ್ಲದ ವೈದ್ಯರು ಒಪ್ಪಿದರೆ, ಉಳಿದವರ ಪಾಲು ಕಸಿಯದೆ ಕೊಡಲು ಸಾಧ್ಯವಾದರೆ, ಅವನನ್ನು ಮತ್ತೆ ಸೇರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದು ಒಳ್ಳೆಯ ಭರವಸೆ. ಸಾಧ್ಯವಿಲ್ಲದಿದ್ದರೆ ಕೊಟ್ಟ ಮಾತಿನ ಹಣ ಕೊಟ್ಟು, ಮುಖಕ್ಕೆ ಮುಖ ಕೊಟ್ಟು ಬೀಳ್ಕೊಡುವುದೂ ತಪ್ಪಲ್ಲ. ಆದರೆ ಮಿದುಳಿಗೆ ಮೇಲಿಂದ ಮೇಲೆ ಪೆಟ್ಟು ಬಿದ್ದವನನ್ನು, ಅವನೇ ಬೇಡಿಕೊಂಡರೂ, ತಂಡ ಮೈದಾನಕ್ಕೆ ಇಳಿಸಬಾರದು. ಒಪ್ಪಿಕೊಂಡ ಹಣವನ್ನು ಕೊಡಲಿ, ಚಿಕಿತ್ಸೆಯ ಹೊಣೆ ಹೊರಲಿ, ಬೇರೆ ಕೆಲಸ ಕೊಡಲಿ. ಗೆಲುವಿಗಾಗಿ ಅವನ ಮುಂದಿನ 40 ವರ್ಷಗಳನ್ನು ಅಡವಿಡುವ ಹಕ್ಕು ಯಾವ ಕರಾರಿನಲ್ಲೂ ಇರಲಾರದು.

ನೋಡುವವರ ಹೊಣೆ

ತಂಡದ ಮಾತಾಯಿತು. ನೋಡುವ ಜನರ ಮಾತೇನು? ಮ್ಯಾನಿಂಗ್ ಅವರ ಸ್ಥಾನಕ್ಕೆ ಬಂದ ಆಂಡ್ರ್ಯೂ ಲಕ್ ಅವರ ಕಥೆ ಕೇಳಿ. ಅವರಿಗೂ ಗಾಯದ ಮೇಲೆ ಗಾಯ. ಭುಜದ ನೋವಿನಿಂದ 2017ರ ಇಡೀ ಋತು ಆಡಲಿಲ್ಲ. 2018ರಲ್ಲಿ ಮರಳಿ ಬಂದು ಚೆನ್ನಾಗಿ ಆಡಿದರು. ಮುಂದಿನ ವರ್ಷ ಕಾಲಿನ ನೋವು. ಗಾಯ, ಚಿಕಿತ್ಸೆ, ಮತ್ತೆ ಗಾಯ ಎಂಬ ಸುತ್ತಿನಲ್ಲಿ ಬಳಲಿ, 2019ರ ಆಗಸ್ಟ್ 24ರಂದು, 29ನೆಯ ವಯಸ್ಸಿನಲ್ಲಿ, ಸಾಕು ಎಂದುಬಿಟ್ಟರು. ಸುದ್ದಿ ಹೊರಬಿದ್ದದ್ದು ಪಂದ್ಯವೊಂದು ನಡೆಯುತ್ತಿರುವಾಗಲೇ. ಅವರು ಮೈದಾನದಿಂದ ಹೊರನಡೆಯುವಾಗ ಅವರದೇ ಊರಿನ ಅಭಿಮಾನಿಗಳಲ್ಲಿ ಕೆಲವರು ಕೂಗಿ ಹೀಯಾಳಿಸಿದರು! ಆದರೆ ತಂಡ ಒಂದು ಒಳ್ಳೆಯ ಕೆಲಸ ಮಾಡಿತು. ಕರಾರಿನ ಪ್ರಕಾರ ಹಿಂದಕ್ಕೆ ಕೇಳಬಹುದಾಗಿದ್ದ 2 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಕೇಳಲಿಲ್ಲ.

ಹೀಯಾಳಿಸಿದವರು ಕೆಟ್ಟವರೇ? ಇರಲಾರದು. ಮನೆಗೆ ಹೋಗಿ ಮಕ್ಕಳನ್ನು ಮುದ್ದಿಸುವ ಜನರೇ ಇರಬೇಕು. ಆದರೆ ಆ ಒಂದು ಗಳಿಗೆಯಲ್ಲಿ ಅವರ ಕಣ್ಣಿಗೆ ನೊಂದ ಮನುಷ್ಯ ಕಾಣಲಿಲ್ಲ. ಕೈತಪ್ಪಿದ ಗೆಲುವು ಮಾತ್ರ ಕಂಡಿತು. "ಯಾವಾಗಲೂ ಗಾಯಮಾಡಿಕೊಳ್ಳುವವನು" ಎಂಬ ಹಣೆಪಟ್ಟಿಯೂ ಇಂಥದೇ ಕುರುಡು. ಏಟು ಕೊಟ್ಟವರು ಬೇರೆ, ಏಟು ಬೀಳುವಂಥ ಆಟವನ್ನು ಹಣ ಕೊಟ್ಟು ನೋಡಿದವರು ಬೇರೆ. ದೋಷ ಮಾತ್ರ ಏಟು ತಿಂದವನ ಮೈಯದು! ಹದಿಮೂರು ವರ್ಷ ಒಂದೂ ಪಂದ್ಯ ತಪ್ಪಿಸದ ಮ್ಯಾನಿಂಗ್ ಅವರಿಗೆ ಆಮೇಲೆ ಒಂದಿಡೀ ವರ್ಷ ಆಡಲಾಗಲಿಲ್ಲ. ಹಾಗಿರುವಾಗ ಗಟ್ಟಿಮುಟ್ಟಾದ ಮೈ ಯಾರ ಸ್ವಂತ ಸಾಧನೆ?

ಪ್ರಿಯ ಓದುಗರೇ, ಕೋಟಿ ಡಾಲರುಗಳ ಕರಾರಿಗೆ ಸಹಿ ಹಾಕುವ ಕೆಲಸ ನಿಮಗೂ ನನಗೂ ಬರಲಾರದು. ಆದರೆ ಅದೇ ಪ್ರಶ್ನೆ ಚಿಕ್ಕ ರೂಪದಲ್ಲಿ ನಮ್ಮೆಲ್ಲರ ಮನೆಗಳಿಗೂ ಬರುತ್ತದೆ. ದುಡಿಯುವ ಕೈ ನಿಂತುಹೋದ ತಂದೆ, ಸೊಂಟನೋವಿನ ಕೆಲಸದಾಕೆ, ಕಾಯಿಲೆಯಿಂದ ಪರೀಕ್ಷೆಯಲ್ಲಿ ಹಿಂದೆಬಿದ್ದ ಮಗ, ಇವರನ್ನು ನಾವು ಯಾವ ತಕ್ಕಡಿಯಲ್ಲಿ ತೂಗುತ್ತೇವೆ? ಎಲ್ಲರನ್ನೂ ಎಲ್ಲ ಕೆಲಸದಲ್ಲೂ ಉಳಿಸಿಕೊಳ್ಳಲು ಆಗದಿರಬಹುದು. ಕೆಲಸದಿಂದ ಬಿಡಿಸಬೇಕಾಗಿ ಬಂದಾಗಲೂ ಮನಸ್ಸಿನಿಂದ ಬಿಡದಿರುವುದು ನಮ್ಮ ಕೈಯಲ್ಲೇ ಇದೆ. ಈ ವಾರ ನಿಮ್ಮ ಮನೆಯಲ್ಲಿ ಅಂಥವರು ಯಾರಾದರೂ ಇದ್ದರೆ, ಅವರಿಂದ ಏನೂ ಆಗಬೇಕಿಲ್ಲದಿದ್ದರೂ, ಅವರ ಬಳಿ ಒಂದು ಗಳಿಗೆ ಕುಳಿತು ಮಾತಾಡಿ.