ವರ್ಷಕ್ಕೊಂದು ವಾಕ್ಯ



ಲೋಕವು ಹೊಸ ವರ್ಷವನ್ನು ಪಟಾಕಿ, ಕೇಕುಗಳಿಂದ ಸ್ವಾಗತಿಸುವ ಜನವರಿ 1ರಂದು ಧರ್ಮಸಭೆಯು ದೇವಮಾತೆ ಮರಿಯಮ್ಮನವರ ಮಹೋತ್ಸವವನ್ನು ಆಚರಿಸುತ್ತದೆ. ಅಂದಿನ ಶುಭಸಂದೇಶ ನಮಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ. ಕುರುಬರು ಬಂದು ಹೇಳಿದ್ದನ್ನೆಲ್ಲ ಮರಿಯಮ್ಮನವರು ಹೃದಯದಲ್ಲಿಟ್ಟುಕೊಂಡು ಮನನ ಮಾಡುತ್ತಿದ್ದರು (ಲೂಕ 2:19). ಎಂಟನೆಯ ದಿನ ಮಗುವಿಗೆ 'ಯೇಸು' ಎಂದು ಹೆಸರಿಟ್ಟರು (ಲೂಕ 2:21). ಆ ಹೆಸರನ್ನು ಆರಿಸಿದವರು ತಾಯಿಯೂ ಅಲ್ಲ, ಜೋಸೆಫರೂ ಅಲ್ಲ. ಮಗು ಗರ್ಭದಲ್ಲಿ ರೂಪುಗೊಳ್ಳುವ ಮೊದಲೇ ದೇವದೂತನು ಅದನ್ನು ತಿಳಿಸಿದ್ದನು. ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಕಾಪಾಡಿಕೊಳ್ಳುವುದು. ವರ್ಷದ ಹೊಸ್ತಿಲಲ್ಲೇ ಆ ತಾಯಿ ನಮಗೆ ಕಲಿಸುವ ಪಾಠ ಇದು.

ಹೊಸ ವರ್ಷಕ್ಕೆಂದು ಒಂದು ಮಾತನ್ನು, ಒಂದು ವಾಕ್ಯವನ್ನು ಆರಿಸಿಕೊಳ್ಳುವ ಪದ್ಧತಿ ಈಗ ಅನೇಕ ಕುಟುಂಬಗಳಲ್ಲಿದೆ. ಕೆಲವು ಕಡೆ ಬೈಬಲ್ ವಾಕ್ಯಗಳನ್ನು ಬರೆದ ಚೀಟಿಗಳನ್ನು ಬುಟ್ಟಿಯಲ್ಲಿಟ್ಟು, ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಏನಾಗುತ್ತದೆ ನೋಡಿ. ಆಶೀರ್ವಾದದ ವಾಕ್ಯ ಬಂದರೆ ಚೀಟಿ ಪರ್ಸಿಗೆ ಸೇರುತ್ತದೆ. ಸಹೋದರನೊಡನೆ ರಾಜಿಯಾಗು ಎಂಬ ವಾಕ್ಯ ಬಂದರೆ ಚೀಟಿ ಮೆಲ್ಲನೆ ಬುಟ್ಟಿಗೆ ಮರಳುತ್ತದೆ, ಕೈ ಇನ್ನೊಂದನ್ನು ಹುಡುಕುತ್ತದೆ! ಆಗ ದೇವರ ವಾಕ್ಯ ಲಾಟರಿ ಚೀಟಿಯಾಗಿಬಿಡುತ್ತದೆ. ನಮಗೆ ಬೇಕಾದ್ದನ್ನು ದೇವರ ಬಾಯಿಂದ ಹೇಳಿಸುವುದಕ್ಕೆ ವಿಶ್ವಾಸ ಎನ್ನಲಾದೀತೇ?

ಈ ಪದ್ಧತಿಯ ಬೇರು ಬಹಳ ಹಳೆಯದು. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತ ಸನ್ಯಾಸಿಗಳ ಬಳಿಗೆ ಜನ ದೂರದಿಂದ ನಡೆದು ಬಂದು, ತಮ್ಮ ಬಾಳಿಗೆ ಒಂದೇ ಒಂದು ಮಾತು ಕೊಡಿ ಎಂದು ಬೇಡುತ್ತಿದ್ದರು. ಆ ಸನ್ಯಾಸಿಗಳಲ್ಲಿ ಪಾಂಬೋ ಎಂಬವರಿದ್ದರು. ಅವರಿಗೆ ಓದು ಬರಹ ಬಾರದು. ಕೀರ್ತನೆಯೊಂದನ್ನು ಕಲಿಯಲು ಅವರು ಒಬ್ಬರ ಬಳಿಗೆ ಹೋದರು. ನಾಲಿಗೆಯಿಂದ ಪಾಪ ಮಾಡದಂತೆ ಎಚ್ಚರವಾಗಿ ನಡೆಯುತ್ತೇನೆ ಎಂಬ ಅರ್ಥದ ಮೊದಲ ವಾಕ್ಯ (ಕೀರ್ತನೆ 39:1) ಕಿವಿಗೆ ಬಿದ್ದೊಡನೆ, ಸದ್ಯಕ್ಕೆ ಇಷ್ಟೇ ಇರಲಿ ಎಂದು ಎದ್ದು ಹೊರಟರು. ಆರು ತಿಂಗಳಾದರೂ ಎರಡನೆಯ ವಾಕ್ಯಕ್ಕೆ ಬರಲಿಲ್ಲ. ಕೇಳಿದರೆ, ಮೊದಲನೆಯದನ್ನು ಬಾಳಿ ತೋರಿಸಲು ಇನ್ನೂ ಆಗಿಲ್ಲ ಎಂದರು. ಎಷ್ಟೋ ಕಾಲದ ಮೇಲೆ ಮತ್ತೆ ಯಾರೋ ವಿಚಾರಿಸಿದಾಗ, 19 ವರ್ಷಗಳಲ್ಲಿ ಹೇಗೋ ಅಷ್ಟಿಷ್ಟು ಸಾಧ್ಯವಾಯಿತು ಎಂದರಂತೆ. 5ನೆಯ ಶತಮಾನದ ಧರ್ಮಸಭೆಯ ಇತಿಹಾಸಕಾರ ಸಾಕ್ರಟಿಸ್ ಇದನ್ನು ದಾಖಲಿಸಿದ್ದಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಗಾದೆಯನ್ನು ಬಾಯಿಪಾಠ ಮಾಡಲು ಒಂದು ನಿಮಿಷ ಸಾಕು. ಬಾಳಲು 19 ವರ್ಷ!

ಹೀಬ್ರೂ ಭಾಷೆಯಲ್ಲಿ 'ದಾಬಾರ್' ಎಂಬ ಪದಕ್ಕೆ ಮಾತು ಎಂಬ ಅರ್ಥವೂ ಉಂಟು, ನಡೆದ ಸಂಗತಿ ಎಂಬ ಅರ್ಥವೂ ಉಂಟು. ದೇವರು ನುಡಿದರೆ ಅದು ನಡೆಯುತ್ತದೆ. ಆದ್ದರಿಂದ ವರ್ಷದ ವಾಕ್ಯವನ್ನು ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ಅದು ನಮ್ಮ ಮನೆಯಲ್ಲಿ ನಡೆಯಬೇಕು.

ಸಂತ 23ನೇ ಜಾನ್‌ರವರನ್ನು ನೆನೆಯೋಣ. 1925ರಲ್ಲಿ ಧರ್ಮಾಧ್ಯಕ್ಷರಾದಾಗ ಅವರು 'ವಿಧೇಯತೆ ಮತ್ತು ಶಾಂತಿ' ಎಂಬುದನ್ನು ಧ್ಯೇಯವಾಕ್ಯವಾಗಿ ಸ್ವೀಕರಿಸಿದರು. ಆ ವಾಕ್ಯ ಅವರನ್ನು ಸುಮ್ಮನೆ ಬಿಡಲಿಲ್ಲ. ಬಲ್ಗೇರಿಯ, ಟರ್ಕಿ, ಫ್ರಾನ್ಸ್, ಆಮೇಲೆ ವೆನಿಸ್ ಎಂದು ಕಳುಹಿಸಿದಲ್ಲಿಗೆಲ್ಲ ಹೋದರು. ಕೊನೆಗೆ ಜಗದ್ಗುರುಗಳಾಗಿ, ತಮ್ಮ ಮರಣಕ್ಕೆ ಎರಡು ತಿಂಗಳೂ ಉಳಿದಿಲ್ಲದಿದ್ದಾಗ, 1963ರ ಏಪ್ರಿಲ್‌ನಲ್ಲಿ, ವಿಶ್ವಶಾಂತಿಯ ಕುರಿತು 'ಪಾಚೆಮ್ ಇನ್ ತೆರಿಸ್' ಎಂಬ ವಿಶ್ವಪತ್ರವನ್ನು ಲೋಕಕ್ಕಿತ್ತರು. 38 ವರ್ಷ ಹೊತ್ತ ಮಾತು ಹಾಗೆ ಫಲ ಕೊಟ್ಟಿತು.

ಹಾಗಾದರೆ ನಮ್ಮ ವಾಕ್ಯವನ್ನು ಕಂಡುಕೊಳ್ಳುವುದು ಹೇಗೆ?

ಮೊದಲನೆಯದಾಗಿ, ಪೂಜೆಯಲ್ಲಿ ಓದುವ ವಾಚನಗಳನ್ನು ಮನೆಯಲ್ಲಿ ಮತ್ತೊಮ್ಮೆ ನಿಧಾನವಾಗಿ ಓದಿರಿ. ಸಾಮಾನ್ಯ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಘೋಷಿಸಿದರು. ಅದು ಜನವರಿಯ ಕೊನೆಯ ಭಾಗದಲ್ಲೇ ಬರುತ್ತದೆ. ಅಲ್ಲಿಯವರೆಗೆ ಅವಸರ ಬೇಡ. ಮನಸ್ಸಿಗೆ ಹಿತವಾದ ವಾಕ್ಯಕ್ಕಿಂತ ಮುಳ್ಳಿನಂತೆ ಚುಚ್ಚಿದ ವಾಕ್ಯದ ಬಳಿ ಹೆಚ್ಚು ಹೊತ್ತು ನಿಲ್ಲಿರಿ.

ಎರಡನೆಯದಾಗಿ, ಈ ವಾಕ್ಯ ಯಾರಿಗೆ ಎಂದು ಕೇಳಿಕೊಳ್ಳಿರಿ. ಗಂಡ 'ವಿಧೇಯತೆ'ಯನ್ನು ಆರಿಸಿ ಹೆಂಡತಿಯ ಕಡೆ ನೋಡಿದರೆ, ಅತ್ತೆ 'ತಾಳ್ಮೆ'ಯನ್ನು ಆರಿಸಿ ಸೊಸೆಗೆ ಓದಿ ಹೇಳಿದರೆ, ಅದು ಅವರ ವಾಕ್ಯವಲ್ಲ. ಹಾಗೆಯೇ, ಕುಡಿದು ಬಂದ ಗಂಡನ ಏಟು ತಿನ್ನುವ ಹೆಣ್ಣುಮಗಳಿಗೆ 'ಸಹನೆ' ಎಂಬ ಚೀಟಿಯನ್ನು ಕೊಡುವ ಹಕ್ಕು ನಮಗಾರಿಗೂ ಇಲ್ಲ. ಅವಳಿಗೆ ಬೇಕಾದುದು ಆಸರೆ.

ಮೂರನೆಯದಾಗಿ, ವಾಕ್ಯವನ್ನು ಒಂದು ಸಣ್ಣ ಕೆಲಸಕ್ಕೆ ಇಳಿಸಿರಿ. 'ನನ್ನ ಕೃಪೆ ಸಾಕು' ಎಂದು ಪ್ರಭು ಪೌಲನಿಗೆ ತಿಳಿಸಿದರು (2 ಕೊರಿಂಥಿಯರಿಗೆ 12:9). 'ಸಾಕು' ಎಂಬ ಒಂದೇ ಪದವನ್ನು ಒಂದು ಕುಟುಂಬ ಹಿಡಿದುಕೊಂಡರೆ, ನೆರೆಯವರಿಗೆ ಸಮನಾಗಿ ಮದುವೆ ಮಾಡಲು ಎತ್ತುವ ಸಾಲ ಅಲ್ಲಿಗೇ ನಿಲ್ಲುತ್ತದೆ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟು, ಒಂದೇ ದೇವಾಲಯದ ಎರಡು ಬದಿಗಳಲ್ಲಿ ಕೂರುವ ಅಣ್ಣತಮ್ಮಂದಿರು ನಮ್ಮಲ್ಲಿಲ್ಲವೇ? ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಪ್ರಭುವಿನ ಮಾತು (ಮತ್ತಾಯ 5:23-24) ಅವರಿಗೆ ಬಂದರೆ, ಮೊದಲ ತಿಂಗಳು ಸಂಜೆಯ ಜಪಸರದಲ್ಲಿ ಅವನ ಹೆಸರೆತ್ತಿ ಪ್ರಾರ್ಥಿಸಲಿ. ತಪಸ್ಸುಕಾಲದಲ್ಲಿ ಒಂದು ನಮಸ್ಕಾರ. ಪಾಸ್ಖ ಹಬ್ಬಕ್ಕೆ ಅವನ ಹೊಸ್ತಿಲು. ರಾತ್ರಿ ಮಲಗುವ ಮುನ್ನ, ಸಂತ ಇಗ್ನಾಸಿಯವರು ಕಲಿಸಿದಂತೆ, ಆ ಒಂದೇ ವಿಷಯದಲ್ಲಿ ಆತ್ಮಶೋಧನೆ ಮಾಡಿಕೊಳ್ಳಲಿ.

ಫೆಬ್ರವರಿಯಲ್ಲೇ ವಾಕ್ಯ ಮರೆತುಹೋದರೆ? ಎದೆಗುಂದಬೇಡಿ. ಪ್ರವಾದಿ ಯೋನನು ದೇವರ ವಾಕ್ಯವನ್ನು ಕೇಳಿಯೂ ಹಡಗು ಹತ್ತಿ ಓಡಿಹೋದನು. ಆದರೂ ಅದೇ ವಾಕ್ಯ ಎರಡನೆಯ ಸಲ ಅವನನ್ನು ಅರಸಿ ಬಂತು (ಯೋನ 3:1). ದೇವರು ಬೇರೆ ಚೀಟಿ ಕೊಡಲಿಲ್ಲ. ಬೇರೆ ಮನುಷ್ಯನನ್ನೂ ಹುಡುಕಲಿಲ್ಲ.

ಪ್ರಭುವೇ, ಈ ವರ್ಷ ನಮಗೆ ಬೇಕಾದ ಮಾತನ್ನಲ್ಲ, ನೀವು ಕೊಡುವ ಮಾತನ್ನು ಕೇಳುವ ಕಿವಿಯನ್ನು ಕೊಡಿರಿ. ನಿಮ್ಮ ತಾಯಿಯಂತೆ ಅದನ್ನು ಹೃದಯದಲ್ಲಿ ಕಾಪಾಡಿ, ನಮ್ಮ ಮನೆಗಳಲ್ಲಿ ನಡೆಸಿಕೊಡುವ ಕೃಪೆಯನ್ನು ದಯಪಾಲಿಸಿರಿ. ಆಮೆನ್.