ಮೆಟ್ಟಿಲಿಳಿದ ವಿದ್ಯಾಸಂಸ್ಥೆ: ತ್ಯಾಗವೋ ನಿದಾನವೋ?

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕೆಂದು ಶ್ರಾವಕನಿಗೆ ವಿಧಿಸಿದ ಅಣುವ್ರತವು ವ್ಯಕ್ತಿಯನ್ನು ಉದ್ದೇಶಿಸಿ ಹೇಳಿದ್ದು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವುಗಳಿಗೆಲ್ಲ ಗೃಹಸ್ಥನು ತಾನೇ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು ಅದನ್ನು ಮೀರದೆ ಬಾಳಬೇಕು. ಆದರೆ ಇಂದಿನ ಕಾಲದಲ್ಲಿ ಸಂಪತ್ತು, ಕೀರ್ತಿ, ವಿಸ್ತಾರಗಳ ಆಸೆಯಲ್ಲಿ ಬಹುಪಾಲು ವ್ಯಕ್ತಿಗಳ ಹೆಸರಿನಲ್ಲಿರದೆ ಸಂಸ್ಥೆಗಳ ಹೆಸರಿನಲ್ಲಿದೆ. ಬಸದಿಯ ಟ್ರಸ್ಟು, ವಿದ್ಯಾರ್ಥಿನಿಲಯ, ಶಾಲೆ, ಕಾಲೇಜು, ಸಹಕಾರಿ ಸಂಘ ಇವು ಯಾವುವೂ ವ್ರತ ಹಿಡಿಯುವುದಿಲ್ಲ. ತನ್ನ ಅಂಗಡಿಯಲ್ಲಿ ಮಿತಿಯನ್ನು ಪಾಲಿಸುವ ಸಜ್ಜನನೇ ಟ್ರಸ್ಟಿನ ಸಭೆಯಲ್ಲಿ ಕುಳಿತಾಗ ‘ಇನ್ನೊಂದು ಅಂತಸ್ತು ಏಳಲಿ’ ಎಂದು ಕೈಯೆತ್ತುವುದುಂಟು. ಅದು ತನಗಾಗಿ ಅಲ್ಲವಲ್ಲ ಎಂಬುದೇ ಆತನಿಗೆ ಸಮಾಧಾನ. ಸಂಸ್ಥೆಯ ಲೋಭವೂ ಲೋಭವೇ ಎಂಬ ಮಾತನ್ನು ಸಭೆಯಲ್ಲಿ ಎತ್ತುವವರು ವಿರಳ.

ದಾವಣಗೆರೆ, ಹರಿಹರಗಳ ಜನರಿಗೆ ಏರಿಳಿತದ ಈ ವಿಚಾರ ಪರಕೀಯವೇನಲ್ಲ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ, ಗಿರಣಿಗಳ ಸದ್ದು ಅಡಗುತ್ತ ಬಂದಂತೆ ವಿದ್ಯೆಯ ನಗರವೆಂದು ಹೆಸರಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡದ್ದು 2009ರಲ್ಲಿ ತಾನೇ ಒಂದು ವಿಶ್ವವಿದ್ಯಾನಿಲಯವಾಯಿತು. ಇವೆಲ್ಲ ಮೇಲೇರಿದ ಮೆಟ್ಟಿಲುಗಳ ಕಥೆ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ, ಲೇತ್ ಯಂತ್ರಗಳಿಂದ ದೇಶಕ್ಕೆಲ್ಲ ಪರಿಚಿತವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋಯಿತು. ಅದು ಇಳಿದ ಕಥೆಯಲ್ಲ, ಬಿದ್ದ ಕಥೆ. ಏರುವುದನ್ನೂ ಬೀಳುವುದನ್ನೂ ಈ ಎರಡು ಊರುಗಳು ಕಂಡಿವೆ. ಒಂದು ಸಂಸ್ಥೆ ತಾನಾಗಿಯೇ, ಬುದ್ಧಿಪೂರ್ವಕವಾಗಿ, ಒಂದು ಮೆಟ್ಟಿಲು ಕೆಳಗಿಳಿಯುವುದು ಮಾತ್ರ ಅಪರೂಪ. ಅಂಥ ಒಂದು ಪ್ರಸಂಗಕ್ಕೆ ದೂರದ ಅಮೇರಿಕದ ಕಡೆ ನೋಡಬೇಕಾಗುತ್ತದೆ.

ಆ ದೇಶದಲ್ಲಿ ಕಾಲೇಜುಗಳ ಕ್ರೀಡೆಯನ್ನು ನಡೆಸುವ ರಾಷ್ಟ್ರೀಯ ಸಂಘವು 1973ರಲ್ಲಿ ತನ್ನ ಸದಸ್ಯ ಸಂಸ್ಥೆಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಿತು. ಮೊದಲನೆಯ ವಿಭಾಗದಲ್ಲಿ ಆಟಗಾರರಿಗೆ ಆಟದ ಕಾರಣಕ್ಕಾಗಿಯೇ ವಿದ್ಯಾರ್ಥಿವೇತನ ಉಂಟು. ದೂರದರ್ಶನದ ಪ್ರಸಾರ, ಹಣ, ಹೆಸರು ಎಲ್ಲವೂ ಅಲ್ಲಿಯೇ. ಮೂರನೆಯ ವಿಭಾಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಲ್ಲಿ ಆಡುವವನು ಮೊದಲು ವಿದ್ಯಾರ್ಥಿ, ಆಮೇಲೆ ಆಟಗಾರ. ನಮ್ಮ ದೇಶದ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಇಂಥ ವಿಂಗಡಣೆ ಇಲ್ಲದಿರುವುದರಿಂದ ಇಷ್ಟು ವಿವರಣೆ ಅಗತ್ಯ.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬರ್ಮಿಂಗ್‌ಹ್ಯಾಮ್-ಸದರ್ನ್ ಎಂಬ ಕಾಲೇಜು ಇತ್ತು. ಮೆಥೊಡಿಸ್ಟ್ ಪಂಥದ ಆಶ್ರಯದಲ್ಲಿ 1856ರಲ್ಲಿ ಮತ್ತು 1898ರಲ್ಲಿ ಹುಟ್ಟಿದ ಎರಡು ವಿದ್ಯಾಲಯಗಳು 1918ರಲ್ಲಿ ಒಂದಾಗಿ ಆದ ಸಂಸ್ಥೆಯದು. ಈ ಶತಮಾನದ ಆರಂಭದಲ್ಲಷ್ಟೇ ಬಹಳ ಶ್ರಮದಿಂದ ಮೊದಲನೆಯ ವಿಭಾಗವನ್ನು ಏರಿದ್ದ ಆ ಕಾಲೇಜು 2006ರಲ್ಲಿ ಮೂರನೆಯ ವಿಭಾಗಕ್ಕೆ ಇಳಿಯಲು ನಿಶ್ಚಯಿಸಿತು. ವಿಚಿತ್ರವೆಂದರೆ, ಅದೇ ನಿಶ್ಚಯದ ಜೊತೆಯಲ್ಲಿಯೇ, ತನ್ನಲ್ಲಿ ಆಗ ಇಲ್ಲದಿದ್ದ ಫುಟ್‌ಬಾಲ್ ತಂಡವೊಂದನ್ನು ಕಟ್ಟುವುದಾಗಿಯೂ ಸಾರಿತು. 2007ರಲ್ಲಿ ತಂಡ ಕಣಕ್ಕಿಳಿಯಿತು. ಒಂದು ಕೈಯಿಂದ ಬಿಟ್ಟಿತು, ಇನ್ನೊಂದು ಕೈಯಿಂದ ಹಿಡಿಯಿತು.

ಇದರ ಒಳಲೆಕ್ಕವನ್ನು ವ್ಯಾಪಾರಸ್ಥ ಮನೆತನಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ವಿಭಾಗದಲ್ಲಿ ಪ್ರತಿ ಆಟಗಾರನೂ ಖರ್ಚಿನ ಬಾಬು. ಮೂರನೆಯ ವಿಭಾಗದಲ್ಲಿ ಆಟದ ಆಸೆಯಿಂದ ಬರುವ ಹುಡುಗ ಶುಲ್ಕ ತೆತ್ತು ಬರುತ್ತಾನೆ. ಅಮೇರಿಕನ್ ಫುಟ್‌ಬಾಲ್ ಎಂಬುದು ಹನ್ನೊಂದು ಜನರಿಂದ ಮುಗಿಯುವ, ಹರಿಹರದ ಮೈದಾನದಲ್ಲಿ ಹುಡುಗರು ಒದೆಯುವ ಕಾಲ್ಚೆಂಡಾಟವಲ್ಲ. ಕೈಯಲ್ಲಿ ಚೆಂಡು ಹಿಡಿದು, ಶಿರಸ್ತ್ರಾಣ ತೊಟ್ಟು, ಮೈಗೆ ಮೈ ಅಪ್ಪಳಿಸಿ ಆಡುವ ಆಟ. ಒಂದು ತಂಡದ ಪಟ್ಟಿಯಲ್ಲಿ ನೂರರಷ್ಟು ಹುಡುಗರಿರುವುದು ಸಾಮಾನ್ಯ. ನೂರು ಹುಡುಗರೆಂದರೆ ಚಿಕ್ಕ ಕಾಲೇಜಿಗೆ ನೂರು ಪ್ರವೇಶಗಳು. ಅಮೇರಿಕದ ಎಷ್ಟೋ ಸಣ್ಣ ಕಾಲೇಜುಗಳು ಇದೇ ಲೆಕ್ಕದಿಂದ ಫುಟ್‌ಬಾಲ್ ಆರಂಭಿಸಿವೆ.

ಇದನ್ನು ತ್ಯಾಗವೆನ್ನಬಹುದೆ?

ವ್ರತ ಹಿಡಿಯುವವನು ಶಲ್ಯರಹಿತನಾಗಿರಬೇಕೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಅವು ಮೂರು: ಮಾಯೆ, ಮಿಥ್ಯಾತ್ವ, ನಿದಾನ. ಇಲ್ಲಿ ನಿದಾನವೆಂಬುದು ವೈದ್ಯರು ಹೇಳುವ ರೋಗನಿದಾನವೂ ಅಲ್ಲ, ನಡಿಗೆಯ ನಿಧಾನವೂ ಅಲ್ಲ. ಮಾಡಿದ ವ್ರತಕ್ಕೆ ಪ್ರತಿಯಾಗಿ ಮುಂದೆ ಇಂಥ ಭೋಗ ದೊರೆಯಲೆಂದು ಮೊದಲೇ ಕಟ್ಟಿಟ್ಟುಕೊಳ್ಳುವ ಬಯಕೆ. ಉಪವಾಸ ಮಾಡಿ ಸ್ವರ್ಗಸುಖವನ್ನು ಕೇಳುವವನ ಉಪವಾಸ ಹೊರಗಿನಿಂದ ನೋಡುವವರಿಗೆ ಉಪವಾಸವೇ. ಆದರೆ ಅವನು ಬಿಟ್ಟ ಊಟ ಬಿಟ್ಟದ್ದಲ್ಲ, ಬಡ್ಡಿಗೆ ಹಾಕಿದ್ದು.

ಇನ್ನೂ ಹತ್ತಿರದ ನಿದರ್ಶನ ದಿಗ್ವ್ರತದಲ್ಲಿದೆ. ಇಷ್ಟು ದೂರದಾಚೆಗೆ ಹೋಗುವುದಿಲ್ಲವೆಂದು ದಿಕ್ಕು ದಿಕ್ಕಿಗೂ ಗಡಿ ಹಾಕಿಕೊಳ್ಳುವ ವ್ರತವದು. ಅದರ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದು. ಲೋಭದಿಂದ ಗಡಿಯನ್ನು ಬೆಳೆಸುವುದು ಎಂದು ಅದರ ಅರ್ಥ. ಪೂರ್ವ ದಿಕ್ಕಿನಲ್ಲಿ ಕಡಿಮೆಮಾಡಿಕೊಂಡದ್ದನ್ನು ಪಶ್ಚಿಮಕ್ಕೆ ಸೇರಿಸಿಕೊಳ್ಳುವುದು ಎಂದು ಕೆಲವು ವ್ಯಾಖ್ಯಾನಗಳು ಬಿಡಿಸುತ್ತವೆ. ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ. ವ್ರತ ಮಾತ್ರ ಮಲಿನವಾಗಿರುತ್ತದೆ. ಪ್ರಾಚೀನ ಆಚಾರ್ಯರಿಗೆ ವರ್ತಕರ ಸ್ವಭಾವ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಈ ಒಂದು ಅತಿಚಾರವೇ ಸಾಕು.

ಆದರೂ ಆ ಕಾಲೇಜನ್ನು ಒಂದೇ ಮಾತಿನಲ್ಲಿ ದೂಷಿಸುವುದು ನ್ಯಾಯವಲ್ಲ. ಕಾಲೇಜು ಮುನಿಯಲ್ಲ, ಗೃಹಸ್ಥನಿಗೆ ಸಮಾನ. ಅಧ್ಯಾಪಕರಿಗೆ ಸಂಬಳ ಕೊಡಬೇಕು, ಕಟ್ಟಡದ ಸೋರಿಕೆ ನಿಲ್ಲಿಸಬೇಕು. ನ್ಯಾಯದಿಂದ ಗಳಿಸುವುದನ್ನು ಶ್ರಾವಕಧರ್ಮ ನಿಷೇಧಿಸಿಲ್ಲ. ಆಟಕ್ಕೆ ಹಣ ಕೊಟ್ಟು ಹುಡುಗರನ್ನು ಕೊಳ್ಳುವ ಪದ್ಧತಿಯಿಂದ ಹೊರಬಂದದ್ದು ನಿಜವಾಗಿಯೂ ಒಂದು ಶುದ್ಧೀಕರಣ. ಖರ್ಚು ತಗ್ಗಿಸಲು ಇಳಿದೆವು, ಪ್ರವೇಶ ಹೆಚ್ಚಿಸಲು ಆಟ ತಂದೆವು ಎಂದು ನೇರವಾಗಿ ಹೇಳಿದರೆ ಅದರಲ್ಲಿ ಮಾಯೆಯಿಲ್ಲ. ಅದು ಜಾಣತನದ ಗೃಹಕೃತ್ಯ. ಅದೇ ಕೆಲಸಕ್ಕೆ ಆದರ್ಶದ ಹೊದಿಕೆ ಹೊದಿಸಿದಾಗ ಮಾತ್ರ ಮುಳ್ಳು ಒಳಗೆ ಮುರಿಯುತ್ತದೆ. ತ್ಯಾಗವಲ್ಲದ್ದು ತ್ಯಾಗವಲ್ಲವೆಂಬುದು ದೋಷವಲ್ಲ. ಅದಕ್ಕೆ ತ್ಯಾಗದ ಕೀರ್ತಿಯನ್ನು ಬೇಡುವುದು ದೋಷ.

ಆರಿಸಿಕೊಂಡ ಆಟ ಯಾವುದೆಂಬುದು ಮತ್ತೊಂದು ಪ್ರಶ್ನೆ, ಜೈನ ಓದುಗರಿಗೆ ಬಹುಶಃ ಮೊದಲನೆಯ ಪ್ರಶ್ನೆ. ಈ ಫುಟ್‌ಬಾಲಿನಲ್ಲಿ ಹುಡುಗರು ಸತ್ತದ್ದರಿಂದಲೇ 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಬೇಕಾಯಿತು. ಆ ಗದ್ದಲದಿಂದ ಮರುವರ್ಷ ಹುಟ್ಟಿದ್ದೇ ಮೇಲೆ ಹೇಳಿದ ಕ್ರೀಡಾಸಂಘ. ನಿಯಮಗಳು ಸುಧಾರಿಸಿದವು, ಶಿರಸ್ತ್ರಾಣಗಳು ಬಂದವು. ಆದರೂ 2017ರಲ್ಲಿ ಬೋಸ್ಟನ್ನಿನ ಸಂಶೋಧಕರು, ವೃತ್ತಿಪರ ಲೀಗಿನಲ್ಲಿ ಆಡಿ ತೀರಿಕೊಂಡವರ 111 ಮೆದುಳುಗಳನ್ನು ಪರೀಕ್ಷಿಸಿದಾಗ 110ರಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಬರುವ ಮಿದುಳುರೋಗದ ಗುರುತು ಕಂಡರು. ಅವು ಸಂಶಯದಿಂದಲೇ ಕುಟುಂಬಗಳು ದಾನಮಾಡಿದ ಮೆದುಳುಗಳಾದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಅನ್ವಯಿಸದು. ಆದರೆ ಹದಿನೆಂಟರ ಹುಡುಗನ ತಲೆಯನ್ನು ಪ್ರವೇಶದ ಲೆಕ್ಕಕ್ಕೆ ಸೇರಿಸುವ ಆಡಳಿತಮಂಡಲಿ ಈ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಪ್ರಮಾದದಿಂದ ಪ್ರಾಣಕ್ಕೆ ಮಾಡುವ ಪೀಡೆಯೂ ಹಿಂಸೆಯೆಂಬುದು ಜಿನಮತ.

ಹೀಗೆಂದು ಜೈನಧರ್ಮ ಸ್ಪರ್ಧೆಗೆ ವಿರೋಧಿಯೆಂದು ತಿಳಿಯಬಾರದು. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರು ನಿಂತಾಗ, ನಿರಪರಾಧಿಗಳ ರಕ್ತ ಹರಿಯದಿರಲೆಂದು ಮಂತ್ರಿಗಳು ಸೂಚಿಸಿದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಯುದ್ಧವನ್ನು ಪಂದ್ಯವನ್ನಾಗಿ ಪರಿವರ್ತಿಸಿದವು. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಿಂದ ಈ ಕಥೆ ಕನ್ನಡಿಗರ ಮನೆಮಾತಾಗಿದೆ. ದಾವಣಗೆರೆಯ ಗರಡಿಮನೆಗಳ ಹುಡುಗರು, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕಣದಲ್ಲಿ ಕುಸ್ತಿ ಹಿಡಿಯುವಾಗಲೂ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸುವುದೇ ಗುರಿ, ಎಲುಬು ಮುರಿಯುವುದಲ್ಲ. ಬಾಹುಬಲಿ ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಟ್ಟನು. ಬಿಟ್ಟ ಮೇಲೂ, ತಾನು ನಿಂತ ನೆಲ ಭರತನದೆಂಬ ಮುಳ್ಳು ಉಳಿದಿತ್ತೆಂದೂ, ವರ್ಷಕಾಲ ಕದಲದೆ ನಿಂತರೂ ಅದು ಹೋಗುವವರೆಗೆ ಕೇವಲಜ್ಞಾನ ಒದಗಲಿಲ್ಲವೆಂದೂ ಈ ನಾಡಿನಲ್ಲಿ ಹೇಳುತ್ತ ಬಂದಿದ್ದಾರೆ. ಅಂಥ ತ್ಯಾಗಿಗೇ ಮಾನಕಷಾಯ ಅಷ್ಟು ಕಾಡಿದ ಮೇಲೆ ಒಂದು ಆಡಳಿತಮಂಡಲಿಯ ಪಾಡೇನು!

ಇದಕ್ಕೆ ಎದುರಾಗಿ ಶಿಕಾಗೊ ವಿಶ್ವವಿದ್ಯಾನಿಲಯದ ಪ್ರಸಂಗವನ್ನು ಇಡಬಹುದು. ಒಂದು ಕಾಲಕ್ಕೆ ಆ ದೇಶದ ಅತಿ ಬಲಿಷ್ಠ ಫುಟ್‌ಬಾಲ್ ತಂಡಗಳಲ್ಲಿ ಅದರದೂ ಒಂದು. ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ, 1939ರಲ್ಲಿ, ವಿದ್ಯೆಗೂ ಈ ಆಟದ ಆಡಂಬರಕ್ಕೂ ಹೊಂದದೆಂದು ಅದನ್ನು ಸಂಪೂರ್ಣವಾಗಿ ಕೈಬಿಟ್ಟರು. ಮೂವತ್ತು ವರ್ಷಗಳ ತರುವಾಯ, 1969ರಲ್ಲಿ ಆಟ ಮರಳಿತು. ಅಬ್ಬರವಿಲ್ಲದೆ, ಮುಂದೆ ಮೂರನೆಯ ವಿಭಾಗದಲ್ಲಿ. ಬಿಟ್ಟದ್ದಕ್ಕೂ ಹಿಡಿದದ್ದಕ್ಕೂ ನಡುವೆ ಒಂದು ತಲೆಮಾರು ಕಳೆದಿತ್ತು. ಬಿಡುವಾಗ ಹಿಡಿಯುವ ಲೆಕ್ಕವಿರಲಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ಹಾಗೆ ಖಾಲಿಬಿದ್ದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ಪರಮಾಣು ಸರಣಿಕ್ರಿಯೆ ನಡೆಯಿತು. ಆಟದ ಹಿಂಸೆಯನ್ನು ತೆರವುಮಾಡಿದ ಜಾಗಕ್ಕೆ ಏನು ಬಂದು ಸೇರಿತೆಂಬುದನ್ನು ನೆನೆದರೆ ಮೈ ನಡುಗುತ್ತದೆ.

ಬರ್ಮಿಂಗ್‌ಹ್ಯಾಮ್-ಸದರ್ನ್ ಮುಂದೆ ಏನಾಯಿತು? ಕಟ್ಟಡಗಳಿಗಾಗಿ ಮಾಡಿದ ಸಾಲ, 2008ರ ಆರ್ಥಿಕ ಕುಸಿತ, 2010ರಲ್ಲಿ ಬೆಳಕಿಗೆ ಬಂದ ವಿದ್ಯಾರ್ಥಿನೆರವಿನ ಲೆಕ್ಕದ ದೊಡ್ಡ ತಪ್ಪು ಇವು ಒಂದರ ಮೇಲೊಂದು ಬಂದವು. ಕೊನೆಗೆ ರಾಜ್ಯ ಸರ್ಕಾರದಿಂದ ಸಾಲ ಕೇಳಿತು. 2023ರಲ್ಲಿ ಅದನ್ನು ನಿರಾಕರಿಸಲಾಯಿತು. 2024ರ ಮೇ 31ರಂದು ಕಾಲೇಜು ಮುಚ್ಚಿತು. ಇದಕ್ಕೆ ಫುಟ್‌ಬಾಲೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಕೆಳಗಿಳಿದದ್ದು ಕಾರಣವೆಂಬುದು ಇನ್ನೂ ದೊಡ್ಡ ತಪ್ಪು. ಭಾವವನ್ನು ಫಲದಿಂದ ಅಳೆಯುವುದು ಜೈನರ ಪದ್ಧತಿಯೂ ಅಲ್ಲ. ಆಸ್ಪತ್ರೆಯಲ್ಲಿ ರೋಗಿ ಸತ್ತರೂ ಕರುಣೆಯಿಂದ ಶಸ್ತ್ರ ಹಿಡಿದ ವೈದ್ಯನು ಹಿಂಸಕನಾಗುವುದಿಲ್ಲ.

ಫಲವನ್ನು ಬಿಟ್ಟರೂ ಉಳಿಯುವುದು ನಂಬಿ ಬಂದವರ ಪ್ರಶ್ನೆ. ಮೊದಲನೆಯ ವಿಭಾಗವೆಂದು ನಂಬಿ ಸೇರಿದ್ದ ಹುಡುಗರಿಗೆ 2006ರಲ್ಲಿ ನೆಲ ಕದಲಿತು. ಆಟ ಆಡಲೆಂದೇ ಶುಲ್ಕ ತೆತ್ತು ಬಂದ ಹುಡುಗರಿಗೆ 2024ರಲ್ಲಿ ನೆಲವೇ ಇಲ್ಲವಾಯಿತು. ಮಿತಿಯನ್ನು ಹಾಕಿಕೊಳ್ಳುವವನು ತನ್ನದನ್ನು ಬಿಡಬಹುದು. ಇನ್ನೊಬ್ಬನಿಗೆ ಕೊಟ್ಟ ಮಾತನ್ನು ಬಿಡುವ ಅಧಿಕಾರ ಅವನಿಗಿಲ್ಲ. ಸಂಸ್ಥೆಯ ತ್ಯಾಗದಲ್ಲಿ ಇರುವ ತೊಡಕು ಇದು: ನಿರ್ಧರಿಸುವವರು ಬೇರೆ, ಕಳೆದುಕೊಳ್ಳುವವರು ಬೇರೆ.

ಟ್ರಸ್ಟುಗಳ ಸಭೆಗಳಲ್ಲಿ ಈ ವಿಷಯ ಬೇರೆ ರೂಪದಲ್ಲಿ ಬರುತ್ತದೆ. ವಿದ್ಯಾರ್ಥಿನಿಲಯದ ಉಚಿತ ಸೀಟುಗಳನ್ನು ಕಡಿಮೆಮಾಡಿ ಕಲ್ಯಾಣಮಂಟಪ ಕಟ್ಟುವ ಸಲಹೆ, ಪಂಚಕಲ್ಯಾಣದ ವೈಭವವನ್ನು ತಗ್ಗಿಸಿ ಆಂಗ್ಲಮಾಧ್ಯಮದ ಶಾಲೆ ತೆರೆಯುವ ಸಲಹೆ. ಇವುಗಳಲ್ಲಿ ಕೆಲವು ಒಳ್ಳೆಯವೂ ಇರಬಹುದು. ಆದರೆ ನಡಾವಳಿಯ ಪುಸ್ತಕದಲ್ಲಿ ಠರಾವನ್ನು ಬರೆಯುವಾಗ ಕಾರಣವನ್ನು ಇದ್ದಂತೆಯೇ ಬರೆಯುತ್ತಾರೆಯೇ, ‘ಸರಳತೆಗಾಗಿ’ ಎಂದು ಬರೆದು ಬಾಡಿಗೆಯ ಲೆಕ್ಕವನ್ನು ಬಾಯಿಮಾತಿಗೆ ಬಿಡುತ್ತಾರೆಯೇ ಎಂಬುದನ್ನು ಸದಸ್ಯರು ನೋಡಬಹುದು. ಈಗಾಗಲೇ ನಿಲಯದಲ್ಲಿರುವ ಹುಡುಗರ ಓದು ಮುಗಿಯುವವರೆಗಿನ ವೆಚ್ಚವನ್ನು ಮೊದಲು ತೆಗೆದಿಟ್ಟಿದ್ದಾರೆಯೇ ಎಂಬುದನ್ನೂ ನೋಡಬಹುದು.

ಆ ಕಾಲೇಜು ಮುಚ್ಚಿದ ದಿನವೇ ಅದರ ಬೇಸ್‌ಬಾಲ್ ತಂಡವು ಒಹಾಯೋ ರಾಜ್ಯದಲ್ಲಿ ಮೂರನೆಯ ವಿಭಾಗದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿತ್ತು. ಮರುದಿನ, ಸಂಸ್ಥೆಯೇ ಇಲ್ಲವಾದ ಮೇಲೆ, ಆ ಹುಡುಗರು ಅದೇ ಅಂಗಿಯನ್ನು ತೊಟ್ಟು ಮತ್ತೊಂದು ಪಂದ್ಯವನ್ನಾಡಿ ಗೆದ್ದರು.