ಶಾಸ್ತ್ರದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಾಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದುದನ್ನು ಕನ್ನಡನಾಡು ಸಾವಿರ ವರ್ಷಗಳಿಂದಲೂ ಬಲ್ಲದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತನ್ನ ವೆಚ್ಚದಿಂದ ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಈ ನಾಡು ದಾನಚಿಂತಾಮಣಿಯೆಂದು ಕರೆಯಿತು; ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಒಂದು ಕಾವ್ಯವನ್ನು ಸಾವಿರ ಬಾರಿ ಓಲೆಯ ಮೇಲೆ ಕಂಟದಿಂದ ಕೊರೆಯಿಸಬೇಕಾದರೆ ಎಷ್ಟು ಕೈಗಳು ದಣಿದಿರಬೇಕು, ಎಷ್ಟು ಕಣ್ಣುಗಳು ನೊಂದಿರಬೇಕು ಎಂಬುದನ್ನು ನೆನೆದಾಗ ಆಕೆಯ ಬಿರುದು ಅತಿಯಾಯಿತೆಂದು ಯಾರಿಗೂ ತೋರದು. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವುದು ಬೇರೊಂದು ಜಿಜ್ಞಾಸೆ: ಶಾಸ್ತ್ರದಾನಕ್ಕೂ ಅಭಯದಾನಕ್ಕೂ ನಡುವೆ ಇರುವ ಸಂಬಂಧವಾವುದು? ಒಂದನ್ನು ಕೊಟ್ಟು ಇನ್ನೊಂದನ್ನು ಕೊಡದಿರುವುದು ಸಾಧ್ಯವೆ?

ಪ್ರಾಣಿಗಳ ಜೀವಕ್ಕೆ ಭಯವೊದಗದಂತೆ ಕಾಯುವುದೇ ಅಭಯದಾನದ ಮೂಲಾರ್ಥವೆಂಬುದು ನಿಜ. ಆದರೆ ಭಯವು ಕಾಲಕ್ಕೆ ತಕ್ಕಂತೆ ರೂಪವನ್ನು ಬದಲಿಸುತ್ತದೆ. ಪಡಿತರ, ಪಿಂಚಣಿ, ಹೊಲದ ಪಹಣಿ, ಮಕ್ಕಳ ವಿದ್ಯಾರ್ಥಿವೇತನ ಇವೆಲ್ಲವೂ ಅಂಗೈಯಗಲದ ಗಾಜಿನ ಹಿಂದೆ ಹೋಗಿ ಕುಳಿತಿರುವ ಈ ದಿನಗಳಲ್ಲಿ, ಆ ಗಾಜನ್ನು ಮುಟ್ಟಲು ಅಂಜುವವನು ತನಗೆ ನ್ಯಾಯವಾಗಿ ಸಲ್ಲಬೇಕಾದುದಕ್ಕೂ ಪರರ ಮುಖವನ್ನು ನೋಡಬೇಕಾಗಿದೆ. ಬ್ಯಾಂಕಿನವರೆಂದು, ಪೊಲೀಸರೆಂದು ಹೇಳಿಕೊಂಡು ಎಲ್ಲಿಂದಲೋ ಬರುವ ಒಂದು ಕರೆಯು ಒಂದು ಜೀವಮಾನದ ಉಳಿತಾಯವನ್ನು ಕ್ಷಣಾರ್ಧದಲ್ಲಿ ಅಪಹರಿಸಬಲ್ಲದೆಂಬ ಸುದ್ದಿ ಊರೂರಿಗೂ ಹಬ್ಬಿ ವೃದ್ಧರ ನಿದ್ರೆಯನ್ನು ಕೆಡಿಸಿದೆ. ಇಂತಹ ಭಯವನ್ನು ನೀಗುವ ಸ್ಥಾನವಾವುದೆಂದು ಕೇಳಿದರೆ, ನಮ್ಮ ಸಾರ್ವಜನಿಕ ಗ್ರಂಥಾಲಯವೆಂದು ನಾನು ಹಿಂಜರಿಯದೆ ಹೇಳುತ್ತೇನೆ.

ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಒದಗುತ್ತದೆಂದು ತತ್ತ್ವಾರ್ಥಸೂತ್ರವು ನಿರೂಪಿಸಿದೆ. ಇವುಗಳಲ್ಲಿ ದ್ರವ್ಯದ ಮಾತು ಹೆಚ್ಚು ಬೇಕಿಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದು ಈಗ ಅರಿವು ಕೇಂದ್ರಗಳೆಂದು ಕರೆಯಿಸಿಕೊಳ್ಳುತ್ತಿರುವ, ಐದು ಸಾವಿರಕ್ಕೂ ಮೀರಿದ ನಮ್ಮ ಗ್ರಾಮಪಂಚಾಯತಿ ಗ್ರಂಥಾಲಯಗಳಲ್ಲಿ ಎಷ್ಟೋ ಕಡೆ ಪುಸ್ತಕದ ಕಪಾಟಿನ ಪಕ್ಕದಲ್ಲಿ ಗಣಕಯಂತ್ರವೂ ಅಂತರ್ಜಾಲವೂ ಬಂದು ನೆಲಸಿವೆ. ವಸ್ತುವನ್ನು ಕೊಳ್ಳುವುದು ಹಣದ ಕೆಲಸ. ಉಳಿದ ಮೂರು ಹಾಗಲ್ಲ.

ಪಾತ್ರದ ವಿಷಯದಲ್ಲಿ ನಮ್ಮ ಪರಂಪರೆಯು ಬಹುವಾಗಿ ವಿಚಾರ ಮಾಡಿದೆ. ಕೆಲವೊಮ್ಮೆ ವಿಚಾರವನ್ನು ಮೀರಿ ಸಂಕೋಚಗೊಂಡಿದೆಯೆಂದೂ ಹೇಳಬೇಕು. ವಿದ್ಯೆಗೆ ಅಧಿಕಾರಿ ಯಾರು, ಅನಧಿಕಾರಿ ಯಾರು ಎಂಬ ಗಣನೆಯಲ್ಲಿ ಸ್ತ್ರೀಯರೂ ದುಡಿಯುವ ಜನರೂ ಶತಮಾನಗಳ ಕಾಲ ಹೊಸ್ತಿಲ ಹೊರಗೇ ನಿಂತರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ನಾನು ಆ ಹಳೆಯ ಗಣನೆಗೆ ದೊರೆತ ಉತ್ತರವೆಂದೇ ಓದುತ್ತೇನೆ. ಓದಲು ಬಂದವರಲ್ಲಿ ಒಬ್ಬರೂ ಬರಿಗೈಯಿಂದ ಹಿಂದಿರುಗಬಾರದೆಂಬ ಅವರ ಆಶಯದಲ್ಲಿ ಪಾತ್ರಾಪಾತ್ರ ವಿವೇಚನೆಗೆ ಎಡೆಯೇ ಇಲ್ಲ. ಗ್ರಂಥಾಲಯದ ಬಾಗಿಲಲ್ಲಿ ಜಾತಿಯನ್ನು ಕೇಳುವವರಿಲ್ಲ, ಕೊಳ್ಳುವ ಶಕ್ತಿಯುಂಟೆ ಎಂದು ಕೇಳುವವರಿಲ್ಲ. ಏನನ್ನೂ ಕೊಳ್ಳದೆ ಹೊತ್ತು ಕಳೆದು, ಪತ್ರಿಕೆಯನ್ನು ತಿರುವಿ, ನಾಲ್ಕು ಜನರ ಮುಖವನ್ನು ಕಂಡು ಮನೆಗೆ ಮರಳಬಹುದಾದ ಸ್ಥಳಗಳು ಊರಿನಲ್ಲಿ ಎಷ್ಟಿವೆ? ಮಕ್ಕಳು ಬೆಂಗಳೂರು, ಪುಣೆಗಳಿಗೆ ಹೊರಟುಹೋದ ಮೇಲೆ ಒಂಟಿಯಾಗಿ ಉಳಿದ ತಂದೆತಾಯಿಗಳಿಗೆ ಅದೂ ಒಂದು ಔಷಧದಾನವೇ.

ಆದರೂ ನಾಲ್ಕರಲ್ಲಿ ವಿಧಿಯೇ ಪ್ರಧಾನವೆಂದು ನಾನು ಮನಗಂಡುದು ಗದಗ ಸೀಮೆಯ ಒಂದು ಹಳ್ಳಿಯ ಗ್ರಂಥಾಲಯದಲ್ಲಿ. ಎಪ್ಪತ್ತರ ಗಡಿಯ ಒಬ್ಬ ಮುದುಕಿ ಸೆರಗಿನಲ್ಲಿ ಸುತ್ತಿದ್ದ ಫೋನನ್ನು ಹೊರತೆಗೆದು, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಂದಿದೆಯೋ ಇಲ್ಲವೋ ನೋಡಿ ಹೇಳೆಂದು ಮೇಲ್ವಿಚಾರಕಿಯ ಮುಂದೆ ಹಿಡಿದಳು. ಅದುವರೆಗೆ ಆಕೆ ಒಂದು ಅಂಗಡಿಗೆ ಹೋಗಿ ಫೋನನ್ನೂ ಗುಪ್ತಸಂಖ್ಯೆಯನ್ನೂ ಒಟ್ಟಿಗೇ ಒಪ್ಪಿಸಿ ಬರುತ್ತಿದ್ದಳಂತೆ. ಮೇಲ್ವಿಚಾರಕಿಯು ಫೋನಿಗೆ ಕೈಚಾಚಲಿಲ್ಲ. “ಯವ್ವಾ, ಫೋನು ನಿಮ್ಮ ಕೈಯಾಗ ಇರ್ಲಿ. ನಾ ಹೇಳ್ತೀನಿ, ನೀವ ಒತ್ರಿ” ಎಂದಳು. ಮುದುಕಿಯ ಬೆರಳು ಗಾಜಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತುಬಿಟ್ಟಿತು. “ತಪ್ಪ ಒತ್ತಿದ್ರ ರೊಕ್ಕ ಹೋಗತಾವೇನ, ತಂಗಿ?” “ಮೆಸೇಜ್ ಓದಿದ್ರ ರೊಕ್ಕ ಹೋಗೂದಿಲ್ರಿ. ಒಟಿಪಿ ಹೇಳಿದ್ರ ಹೋಗತಾವ. ಬ್ಯಾಂಕಿನವ್ರು ಅಂತ ಹೇಳಿ ಕೇಳಿದ್ರೂ ಹೇಳಬ್ಯಾಡ್ರಿ.” ಅಕ್ಷರ ಬಾರದಿದ್ದರೂ ಅಂಕೆಗಳನ್ನು ಬಲ್ಲ ಆಕೆ ಮೂರು ಬಾರಿ ತಪ್ಪಿ ನಾಲ್ಕನೆಯ ಬಾರಿಗೆ ಸಂದೇಶವನ್ನು ತೆರೆದು, 2000 ಎಂಬ ಅಂಕೆಯ ಮೇಲೆ ಬೆರಳಿಟ್ಟು, ತಾನೇ ಓದಿದಳು.

ಮೇಲ್ವಿಚಾರಕಿಯು ಫೋನನ್ನು ತೆಗೆದುಕೊಂಡು ಅರೆಗಳಿಗೆಯಲ್ಲಿ ಉತ್ತರವನ್ನು ಹೇಳಿದ್ದರೆ ಅದು ಉಪಕಾರವೇ ಆಗುತ್ತಿತ್ತು. ಆದರೆ ಮುಂದಿನ ತಿಂಗಳೂ ಆ ಮುದುಕಿ ಅದೇ ದೈನ್ಯದಿಂದ ಮತ್ತೊಬ್ಬರ ಮುಂದೆ ನಿಲ್ಲುತ್ತಿದ್ದಳು. ಕೊಡುವವರು ವಿನಯದಿಂದ ಕೊಡಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿರುವುದರ ಮರ್ಮವು, ಕೈಯನ್ನು ಹಿಂದೆಗೆದುಕೊಂಡು ಕಾದುನಿಂತ ಆ ತಾಳ್ಮೆಯಲ್ಲಿ ನನಗೆ ಹೊಳೆಯಿತು. ಅದಕ್ಕಿಂತಲೂ ಹೆಚ್ಚಾಗಿ, ಅಭಯವೆಂದರೆ ಯಾವುದಕ್ಕೂ ಅಂಜದಿರುವುದಲ್ಲ, ಅಂಜಬೇಕಾದುದಾವುದು ಅಂಜಬೇಡವಾದುದಾವುದು ಎಂಬ ವಿವೇಕವೇ ಅಭಯವೆಂಬುದೂ ಅಲ್ಲಿ ಸ್ಪಷ್ಟವಾಯಿತು. ಶಾಸ್ತ್ರವು ಅಭಯಕ್ಕೆ ದ್ವಾರವಾಗುವುದು ಈ ವಿವೇಕದ ಮೂಲಕ.

ಅದೇ ಗಾಜಿನೊಳಗಿಂದ ಜೂಜೂ ಸುಳ್ಳುಸುದ್ದಿಯೂ ದ್ವೇಷವೂ ಹರಿದುಬರುತ್ತಿರುವಾಗ ಅದನ್ನು ಬಳಸಲು ಕಲಿಸುವುದು ದಾನವಾದೀತೆ ಎಂದು ಆಕ್ಷೇಪಿಸುವ ಹಿರಿಯರುಂಟು. ಅವರ ಆತಂಕವನ್ನು ಹಗುರವಾಗಿ ಕಾಣಲಾರೆ. ಆದರೆ ವಿಷವು ಆಗಲೇ ಮನೆಮನೆಯನ್ನು ಹೊಕ್ಕಿದೆ. ಒಂಟಿಯಾಗಿ ಹಾಸಿಗೆಯಲ್ಲಿ ಫೋನು ಹಿಡಿದು ಮಲಗಿರುವ ಹುಡುಗನಿಗೆ ಯಾವುದು ನಿಜ ಯಾವುದು ಸುಳ್ಳೆಂದು ಹೇಳುವವರು ಮಾತ್ರ ಇಲ್ಲ. ಜ್ಞಾನವು ಸಮ್ಯಕ್ ಆಗಬೇಕಾದರೆ ದರ್ಶನವೂ ಸಮ್ಯಕ್ ಆಗಿರಬೇಕೆಂದು ಜೈನರು ಬಗೆದುದು ಅದಕ್ಕಾಗಿಯೇ. ಪುಸ್ತಕಗಳ ನಡುವೆ, ನಾಲ್ಕು ಜನರ ಎದುರಿನಲ್ಲಿ, ಕೇಳಿದರೆ ಹೇಳುವವರೊಬ್ಬರ ಸಮೀಪದಲ್ಲಿ ಕುಳಿತು ಕಲಿಯುವ ವಿದ್ಯೆಗೂ ಕತ್ತಲೆಯಲ್ಲಿ ಏಕಾಕಿಯಾಗಿ ಕಲಿಯುವ ವಿದ್ಯೆಗೂ ಅಂತರವಿದೆ.

ಇನ್ನುಳಿದವನು ದಾತೃ. 1965ರ ಗ್ರಂಥಾಲಯ ಅಧಿನಿಯಮದಂತೆ ಮನೆ, ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಉಪಕರವೂ ಸಂಗ್ರಹವಾಗುತ್ತದೆ; ತಾನು ಕೊಟ್ಟೆನೆಂಬುದೇ ತಿಳಿಯದೆ ಕೊಡುವ ಈ ದಾನದಲ್ಲಿ ಅಹಂಕಾರಕ್ಕೆ ಅವಕಾಶವೇ ಇಲ್ಲ. ಶರಣರ ದಾಸೋಹದಲ್ಲಿಯೂ ಕೊಡುವವನ ಹಮ್ಮು ಅಳಿಯುವುದೇ ಮುಖ್ಯವಾಗಿತ್ತು. ಆದರೆ ನಮ್ಮೆಲ್ಲರ ಪರವಾಗಿ ಆ ದಾನವನ್ನು ನಿಜವಾಗಿ ಕೈಯಿಂದ ನಡೆಯಿಸುವವರು ಹಳ್ಳಿಯ ಮೇಲ್ವಿಚಾರಕರು. ವರ್ಷಾನುವರ್ಷ ಅಲ್ಪ ಗೌರವಧನದಿಂದಲೇ ಸಂಸಾರವನ್ನು ತೂಗಿಸಿದವರು. ನಾಳಿನ ಚಿಂತೆಯಿಂದ ತಾವೇ ನಡುಗುವವರು ಪರರಿಗೆ ಅಭಯವನ್ನು ಕೊಡಲೆಂದು ಅಪೇಕ್ಷಿಸುವುದು ಧರ್ಮವಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಮಾತು ಬರುವಾಗ ಅವರ ವೇತನದ ಮಾತೂ, ಆ ಕೊಠಡಿಯ ವಿದ್ಯುತ್ತಿನ ಮಾತೂ ಬರಬೇಕು. ಸಂಜೆಯ ಹೊತ್ತು ಬಾಗಿಲು ತೆರೆದಿರಬೇಕೆಂಬ ಮಾತೂ ಬರಬೇಕು, ಏಕೆಂದರೆ ಹೊಲದಲ್ಲಿ ದುಡಿಯುವವರಿಗೆ ಬಿಡುವು ದೊರೆಯುವುದು ಆಗಲೇ.